ಸರ್ವರ್ ಸರಿ ಇಲ್ಲ ಬಿಡು

ಶಿವಲೀಲಾ ಆ ಹುದ್ದೆಗೆ ಅರ್ಜಿ ಹಾಕದಂತೆ ಮಾಡಿದವಳು ನಾನು. ಬೇಕೆಂದು ಮಾಡಿದ್ದಲ್ಲ — ಎಂದು ಬರೆಯಹೊರಟು ಕೈ ತಡೆಯುತ್ತಿದ್ದೇನೆ, ಯಾಕೆಂದರೆ ಆ ಮಾತಿನ ಹಿಂದೆ ಅಡಗಿಕೊಂಡೇ ಇಷ್ಟು ವರ್ಷ ಕಳೆದಿದ್ದೇನೆ. ತಿಳಿಯದೆ ಆದದ್ದು ಒಂದು. ತಿಳಿದ ಮೇಲೆ ಬಾಯಿ ಮುಚ್ಚಿಕೊಂಡದ್ದು ಇನ್ನೊಂದು. ಎರಡನೆಯದನ್ನು ಕಣ್ಣು ಬಿಟ್ಟುಕೊಂಡೇ ಮಾಡಿದ್ದೇನೆ.

ಶಿವಲೀಲಾ ನನ್ನ ನಾದಿನಿ, ನಮ್ಮನೆಯವರ ತಂಗಿ. ಭದ್ರಾವತಿಯ ನ್ಯೂ ಟೌನಿನಲ್ಲಿ ಹಳೆಯ ಕ್ವಾರ್ಟರ್ಸ್ ಒಂದರಲ್ಲಿ ತಾಯಿಯ ಜೊತೆ — ಅಂದರೆ ನನ್ನ ಅತ್ತೆಯ ಜೊತೆ — ಇದ್ದಾಳೆ. ಮದುವೆಯಾಗಲಿಲ್ಲ. ಅಲ್ಲೇ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗುತ್ತಿಗೆಯ ಕೆಲಸ. ಬೇಸಿಗೆ ರಜೆ ಬಂತೆಂದರೆ ಕೆಲಸ ನಿಲ್ಲುತ್ತದೆ. ಕಾಲೇಜು ತೆರೆದಾಗ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುತ್ತ ಕೂರಬೇಕು. ನಾನು ಶಿವಮೊಗ್ಗದ ಗೋಪಾಳದಲ್ಲಿದ್ದು, ಖಾಸಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಹಾಗಾಗಿ ನಮ್ಮ ಕಡೆ ಯಾರ ಫೋನು ಕೆಟ್ಟರೂ, ಯಾರ ಪಾಸ್‌ವರ್ಡ್ ಮರೆತುಹೋದರೂ ಕರೆ ಬರುವುದು ನನಗೆ. ನಾನು ಹೇಳಿದ್ದೇ ಕೊನೆಯ ಮಾತು. ಅದು ನನಗೆ ಹಿತವಾಗಿಯೇ ಇತ್ತು — ಇದನ್ನೂ ಹೇಳಿಬಿಡಬೇಕು.

ಎಲ್ಲ ಶುರುವಾದದ್ದು ಅತ್ತೆಯ ಟ್ಯಾಬಿನಿಂದ. ಬೆಳಗಿನ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಅವರು ಮೊದಲು ತೆರೆಯುವುದು ನಮ್ಮ ಜಿಲ್ಲೆಯ ಪತ್ರಿಕೆಯೊಂದರ ವೆಬ್‌ಸೈಟು. ಅದರಲ್ಲೂ ಮೊದಲು ಓದುವುದು ನಿಧನ ವಾರ್ತೆ. ತೀರಿಹೋದವರ ಫೋಟೋ ಕಾಣುವಷ್ಟರಲ್ಲಿ ಅದರ ಮೇಲೆ ಚಿನ್ನದಂಗಡಿಯ ಜಾಹೀರಾತು ಬಂದು ಕೂರುತ್ತಿತ್ತು.

"ಇವರ ಮನೆ ಹಾಳಾಗ, ಸತ್ತೋರ ಮುಖದ ಮೇಲೆ ನೆಕ್ಲೆಸ್ ತಂದು ಇಡ್ತಾರಲ್ಲೇ! ಯಾರು ಹೋದ್ರು ಅಂತ ನೋಡೋದು ಹೆಂಗೆ ಮಾರಾಯ್ತಿ?" ಎಂದು ನನಗೆ ಫೋನ್ ಮಾಡುತ್ತಿದ್ದರು. ಅದನ್ನು ಮುಚ್ಚಲು ಹೋಗಿ ಬೇರೇನೋ ಒತ್ತಿ ಒಮ್ಮೆ ಇಸ್ಪೀಟಿನ ಆಟ ತುಂಬಿಸಿಕೊಂಡರು. ಇನ್ನೊಮ್ಮೆ ಟ್ಯಾಬಿಗೆ ವೈರಸ್ ಬಂದಿದೆ ಎಂಬ ಕೆಂಪು ಅಕ್ಷರ ನೋಡಿ, ಅದನ್ನು ಯಾರೂ ಮುಟ್ಟಬಾರದೆಂದು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದರು.

ಶಾಲೆಯಲ್ಲಿ ಗುಜರಿಗೆ ಹಾಕಲು ಎತ್ತಿಟ್ಟಿದ್ದ ಹಳೆಯ ಕಂಪ್ಯೂಟರೊಂದನ್ನು ಕೇಳಿ ತಂದೆ. ವಿಂಡೋಸ್ ತೆಗೆದು ಲಿನಕ್ಸ್ ಹಾಕಿದೆ. ಅದರ ಮೇಲೆ ಜಾಹೀರಾತು ತಡೆಯುವ ಪ್ರಾಕ್ಸಿ ಕೂರಿಸಿದೆ. ಮನೆಯ ಟ್ಯಾಬು, ಫೋನು, ಲ್ಯಾಪ್‌ಟಾಪು ಏನು ಬೇಕಾದರೂ ಮೊದಲು ಈ ಪೆಟ್ಟಿಗೆಯನ್ನು ಕೇಳಬೇಕು. ಪೆಟ್ಟಿಗೆ ಹೊರಗಿನಿಂದ ತಂದು, ಮೊರದಲ್ಲಿ ಅಕ್ಕಿ ಕೇರುವ ಹಾಗೆ ಜಾಹೀರಾತನ್ನು ತೂರಿ ಉಳಿದದ್ದನ್ನು ಕೊಡುತ್ತದೆ. ಒಂದು ಭಾನುವಾರ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಭದ್ರಾವತಿಗೆ ಹೋದೆ. ಅದೇನೆಂದು ಹೇಳಿದ್ದಕ್ಕೆ ಶಿವಲೀಲಾ ಬಾಗಿಲಲ್ಲೇ ನಕ್ಕಳು.

"ಪ್ರಾಕ್ಸಿನಾ? ನಮ್ಮ ಕಾಲೇಜಲ್ಲಿ ಒಬ್ಬರ ಅಟೆಂಡೆನ್ಸ್ ಇನ್ನೊಬ್ಬರು ಹೇಳಿದ್ರೆ ಹೊರಗೆ ಹಾಕ್ತಾರೆ. ನೀವು ಮನೆಗೇ ತಂದು ಹಾಕ್ತಿದ್ದೀರಲ್ಲ ಅತ್ತಿಗೆ!"

ಪೆಟ್ಟಿಗೆಯನ್ನು ವೈಫೈ ಡಬ್ಬಿಯ ಪಕ್ಕ ಇಟ್ಟು ಬದಲಾಗದ ಒಂದು ವಿಳಾಸ ಕೊಟ್ಟೆ. ಟ್ಯಾಬಿನ ಸೆಟ್ಟಿಂಗಿನಲ್ಲಿ ಆ ವಿಳಾಸ, ಪೋರ್ಟ್ ಸಂಖ್ಯೆ ತುಂಬಿದೆ. ಶಿವಲೀಲಾಳ ಫೋನಿಗೂ ಲ್ಯಾಪ್‌ಟಾಪಿಗೂ ತುಂಬಿದೆ — ಅವಳು ಕೇಳಿರಲಿಲ್ಲ. ಎಲ್ಲರಿಗೂ ಒಳ್ಳೆಯದೇ ಅಲ್ಲವೇ ಎಂದು...

ಬಹುಪಾಲು ಜಾಹೀರಾತುಗಳು ಹೋದವು. ಆದರೆ ಆ ನೆಕ್ಲೆಸ್ ಹೋಗಲಿಲ್ಲ. ಪತ್ರಿಕೆಯವರು ಚಿನ್ನದಂಗಡಿ, ಟ್ಯೂಷನ್ ಸೆಂಟರುಗಳ ಚಿತ್ರಗಳನ್ನು ತಮ್ಮ ಸೈಟಿನಲ್ಲೇ 'advt' — ಅಂದರೆ ಜಾಹೀರಾತು — ಎಂಬ ಫೋಲ್ಡರಿನಲ್ಲಿ ಇಟ್ಟಿದ್ದರು. ಹುಡುಕಿ ಹಿಡಿದೆ ಎಂಬ ಹೆಮ್ಮೆಗೆ ನನ್ನದೇ ಒಂದು ಸಾಲಿನ ನಿಯಮ ಬರೆದೆ. ಆ ಒಂದು ಪತ್ರಿಕೆಗೆ ಮಾತ್ರ ಎಂದು ಬರೆಯಬಹುದಿತ್ತು, ಅದಕ್ಕೆ ಇನ್ನೊಂದಿಷ್ಟು ಅಕ್ಷರ ಸಾಕಿತ್ತು. ನಾನು ಬರೆದದ್ದು — ಯಾವ ಸೈಟೇ ಆಗಲಿ, ವಿಳಾಸದಲ್ಲಿ ಆ ಹೆಸರಿನ ಫೋಲ್ಡರ್ ಇದ್ದರೆ ತಡೆ.

ಹಾಗೆ ತಡೆದಾಗ ಪ್ರಾಕ್ಸಿ ತಾನಾಗಿಯೇ ಒಂದು ಪುಟ ತೋರಿಸಿ, ಇದನ್ನು ತಡೆದಿದ್ದೇನೆ, ಬೇಕಾದರೆ ಮುಂದೆ ಹೋಗಿ ಎಂದು ಹೇಳುತ್ತದೆ. ಅತ್ತೆ ಅದನ್ನು ನೋಡಿ ಬೆವತುಹೋದರು. "ಬ್ಲಾಕ್ ಅಂತ ಬಂತಲ್ಲೇ ಉಮಾ! ನನ್ನ ಪೆನ್ಷನ್ ಅಕೌಂಟ್ ಬ್ಲಾಕ್ ಆಯ್ತಾ?" ಅವರ ಗಾಬರಿ ನೋಡಲಾರದೆ, ಏನನ್ನು ತಡೆದರೂ ಖಾಲಿ ಪುಟ ತೋರಿಸಬೇಕೆಂದು ಬದಲಾಯಿಸಿದೆ. ಬರೀ ಬಿಳಿ. ಯಾರಿಗೂ ಗಾಬರಿಯಿಲ್ಲ. ಯಾರಿಗೂ ಏನೂ ಗೊತ್ತಾಗುವುದೂ ಇಲ್ಲ — ಇದು ಆಗ ಹೊಳೆಯಲಿಲ್ಲ.

ಆ ವರ್ಷ ಸರ್ಕಾರದ ಇಲಾಖೆಯೊಂದರಲ್ಲಿ ಲ್ಯಾಬ್ ಸಹಾಯಕರ ಹುದ್ದೆಗಳನ್ನು ಕರೆಯುತ್ತಾರೆಂಬ ಸುದ್ದಿಯಿತ್ತು. ಶಿವಲೀಲಾ ಓದುತ್ತಿದ್ದಳು. ಕುಕ್ಕರ್ ಕೂಗುವವರೆಗೆ ಅಡುಗೆಮನೆಯ ಕಟ್ಟೆಗೆ ಒರಗಿ ಓದುತ್ತಿದ್ದಳು. ವಯಸ್ಸಿನ ಮಿತಿಯಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಅದು ಮನೆಯವರಿಗೆಲ್ಲ ಗೊತ್ತಿತ್ತು. ಒಂದು ಸಂಜೆ ನಾನು ಚಪಾತಿ ಲಟ್ಟಿಸುತ್ತಿದ್ದಾಗ ಅವಳ ಫೋನ್ ಬಂತು.

"ಅತ್ತಿಗೆ, ನೋಟಿಫಿಕೇಶನ್ ಅಂತ ಲಿಂಕ್ ಹಾಕಿದಾರೆ. ಒತ್ತಿದ್ರೆ ಪೇಜ್ ಬೆಳ್ಳಗೆ ಬರ್ತದೆ. ಏನೂ ಇಲ್ಲ."

"ಅವರ ಸರ್ವರ್ ಸರಿ ಇಲ್ಲ ಬಿಡು. ಲಿಂಕ್ ಹಾಕಿ ಫೈಲ್ ಹಾಕೋದು ಮರೆತಿರ್ತಾರೆ."

"ಸೈಬರ್‌ಗೆ ಹೋಗಿ ಒಂದ್ಸಲ ನೋಡ್ಲಾ?"

"ಈ ಬಿಸಿಲಲ್ಲಿ ಯಾಕೆ ಸುಮ್ನೆ ಹೋಗ್ತೀಯ? ಅಲ್ಲೂ ಅದೇ ಬೆಳ್ಳಗೆ ಬರೋದು. ದಿನಾ ನೋಡ್ತಾ ಇರು, ಹಾಕ್ತಾರೆ."

"ನೀವು ಹೇಳಿದ ಮೇಲೆ ಮುಗೀತು" ಎಂದು ಇಟ್ಟುಬಿಟ್ಟಳು.

ಅಷ್ಟೇ ಮಾತು. ಹಿಟ್ಟಿನ ಕೈ ತೊಳೆದುಕೊಂಡು ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಆ ಲಿಂಕನ್ನು ನಾನೇ ಒಮ್ಮೆ ಒತ್ತಬಹುದಿತ್ತು. ಒತ್ತಲಿಲ್ಲ. ಚಪಾತಿ ಬೇಯಿಸಿದೆ, ಪಲ್ಯಕ್ಕೆ ಕಾಯಿ ಉದುರಿಸಿದೆ, ಮರೆತೆ. ಆ ಸೈಟಿಗೆ ಏನೂ ಆಗಿರಲಿಲ್ಲ.

ಅವಳು ದಿನಾ ನೋಡಿದಳು. ಕೆಲಸಕ್ಕೆ ಹೊರಡುವ ಮೊದಲು, ಬಂದ ಮೇಲೆ — ಮನೆಯ ವೈಫೈನಲ್ಲಿ, ನಾನು ಇಟ್ಟ ಪೆಟ್ಟಿಗೆಯ ಮೂಲಕ. ದಿನಾ ಬಿಳಿ. ಕೊನೆಗೆ ಸ್ಟಾಫ್ ರೂಮಿನಲ್ಲಿ ಯಾರೋ, "ನೀನೂ ಹಾಕಿದ್ಯಲ್ಲ? ನಿನ್ನೆ ಮುಗೀತಲ್ಲ ಲಾಸ್ಟ್ ಡೇಟು" ಎಂದು ಕೇಳಿದಾಗಲೇ ಅವಳಿಗೆ ಗೊತ್ತಾದದ್ದು. ಅಲ್ಲಿಂದಲೇ ನನಗೆ ಫೋನ್ ಮಾಡಿದಳು. ಅಳಲಿಲ್ಲ. "ಅತ್ತಿಗೆ, ಅದು... ಮುಗಿದೇ ಹೋಯ್ತಂತೆ" ಎಂದು ಎರಡು ಮೂರು ಸಲ ಹೇಳಿದಳು.

ಆಗ ನಾನು ಲ್ಯಾಪ್‌ಟಾಪ್ ತೆಗೆದೆ. ನಮ್ಮ ಮನೆಯಲ್ಲಿ ಪ್ರಾಕ್ಸಿಯಿಲ್ಲ. ಒತ್ತಿದ ಕೂಡಲೇ ಪುಟ ತೆರೆಯಿತು. ಮೇಲ್ಗಡೆ ದಪ್ಪ ಅಕ್ಷರದಲ್ಲಿ 'ಜಾಹೀರಾತು ಸಂಖ್ಯೆ' ಎಂದಿತ್ತು. ವಿಳಾಸದ ಪಟ್ಟಿಯಲ್ಲಿ ಅದೇ ನಾಲ್ಕು ಅಕ್ಷರ, ಅದೇ ಫೋಲ್ಡರಿನ ಹೆಸರು. ಕೆಲಸಕ್ಕೆ ಕರೆಯುವ ನೋಟೀಸಿಗೂ ಸರ್ಕಾರ ಜಾಹೀರಾತು ಎಂದೇ ಹೇಳುತ್ತದೆ. ಹುಟ್ಟಿದಾಗಿನಿಂದ ಓದಿಕೊಂಡು ಬಂದ ಮಾತು ಅದು. ನನ್ನ ಸಾಲಿಗೆ ನೆಕ್ಲೆಸ್ಸೂ ಒಂದೇ, ಅವಳ ನೌಕರಿಯೂ ಒಂದೇ.

ಆ ಭಾನುವಾರ ನಾವಿಬ್ಬರೂ ಭದ್ರಾವತಿಗೆ ಹೋದೆವು. ನಮ್ಮನೆಯವರು ಹಾಲ್‌ನಲ್ಲಿ ತಂಗಿಯ ಮೇಲೆ ರೇಗುತ್ತಿದ್ದರು. "ಊರಿಗೆಲ್ಲ ಕಾಣಿಸಿದ್ದು ನಿನಗೊಬ್ಬಳಿಗೆ ಕಾಣಿಸಲಿಲ್ವಾ? ನಿದ್ದೆ ಮಾಡ್ತಿದ್ಯಾ?" ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಶಿವಲೀಲಾ ಒಂದೇ ಮಾತು ಹೇಳುತ್ತಿದ್ದಳು: "ದಿನಾ ನೋಡಿದೆ ಅಣ್ಣ. ಬೆಳ್ಳಗೇ ಬರ್ತಿತ್ತು." ಯಾರೂ ನಂಬಲಿಲ್ಲ. ನಾನು ಒಳಕೋಣೆಯಲ್ಲಿ ಪೆಟ್ಟಿಗೆಯ ಮುಂದೆ ಕೂತು ಆ ಸಾಲನ್ನು ಅಳಿಸುತ್ತಿದ್ದೆ. ಅವಳ ಮಾತು ನಿಜವೆಂಬುದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ಅಳಿಸಿ, ಎದ್ದು ಬಂದು ಹೇಳಿದೆ:

"ಹೋಗ್ಲಿ ಬಿಡ್ರಿ, ಈಗ ಬೈದು ಏನು ಬಂತು? ಪಾಪ, ಅವಳೇನು ಬೇಕಂತ ಮಾಡಿದ್ಳಾ?"

ಶಿವಲೀಲಾ ತಲೆಯೆತ್ತಿ ನನ್ನನ್ನು ನೋಡಿದಳು. ಆ ಮನೆಯಲ್ಲಿ ತನ್ನ ಪರವಾಗಿ ಒಬ್ಬಳಾದರೂ ಇದ್ದಾಳೆ ಎಂಬ ನೋಟ ಅದು. ಹೊರಡುವಾಗ ನನ್ನ ಕೈ ಹಿಡಿದುಕೊಂಡಳು. ನಾನು ಹಿಡಿಸಿಕೊಂಡೆ.

ಆಮೇಲೆ ಹೇಳಬಹುದಿತ್ತು. ಹೇಳಿದರೆ ಅವಳ ವಯಸ್ಸು ಹಿಂದಕ್ಕೆ ಹೋಗುತ್ತದೆಯೇ, ಹೋದ ದಿನಾಂಕ ಬರುತ್ತದೆಯೇ ಎಂದುಕೊಂಡೆ. ಅರ್ಜಿ ಹಾಕಿದ್ದರೂ ಕೆಲಸ ಸಿಗುತ್ತಿತ್ತೋ ಇಲ್ಲವೋ ಎಂದುಕೊಂಡೆ — ಇದು ಎಲ್ಲಕ್ಕಿಂತ ಕೆಟ್ಟ ಯೋಚನೆ. ಸಿಗುತ್ತಿತ್ತೋ ಇಲ್ಲವೋ ಎಂದು ತಿಳಿಯುವ ಹಕ್ಕು ಅವಳದಾಗಿತ್ತು. ಈಗಲೂ ಅದೇ ಲ್ಯಾಬು, ಅದೇ ಗುತ್ತಿಗೆ. ಬೇಸಿಗೆ ರಜೆಯಲ್ಲಿ ಅವಳು ಹಪ್ಪಳ ಮಾಡಿ ಮಾರುತ್ತಾಳೆ. ನನಗೆ ಒಂದು ಕಟ್ಟು ಎತ್ತಿಟ್ಟಿರುತ್ತಾಳೆ. ಅವನ್ನು ಎಣ್ಣೆಗೆ ಬಿಡುವಾಗ...

ಮೊನ್ನೆ ಆ ಪೆಟ್ಟಿಗೆಯ ಡಿಸ್ಕ್ ಕಟಕಟ ಎನ್ನಲು ಶುರುವಾಯಿತು. ಹೊಸ ಡಿಸ್ಕ್ ತೆಗೆದುಕೊಂಡು ಹೋದೆ. "ಈ ಸಲ ನಾನೇ ಮಾಡ್ತೀನಿ ಅತ್ತಿಗೆ, ನೀವು ಪಕ್ಕದಲ್ಲಿ ಕೂತು ಹೇಳಿ" ಎಂದಳು ಶಿವಲೀಲಾ. ಲಿನಕ್ಸ್ ಹಾಕಿದಳು, ಪ್ರಾಕ್ಸಿ ಹಾಕಿದಳು, ವಿಳಾಸ ಕೊಟ್ಟಳು, ಅಮ್ಮ ಹೆದರದಂತೆ ಖಾಲಿ ಪುಟವನ್ನೂ ಇಟ್ಟಳು. ಲ್ಯಾಬಿನಲ್ಲಿ ಆಸಿಡ್ ಅಳೆಯುವ ಕೈ, ಒಂದು ಚುಕ್ಕಿಯೂ ತಪ್ಪಲಿಲ್ಲ. ಆಮೇಲೆ ಪತ್ರಿಕೆಯ ಪುಟ ತೆರೆದು ಪರೀಕ್ಷಿಸಿದಳು. ನೆಕ್ಲೆಸ್ ಬಂತು.

"ಇದನ್ನ ಮೊದಮೊದಲು ನೀವು ತಡೆದಿದ್ರಿ ಅಲ್ವಾ? ಆಮೇಲೆ ಯಾವಾಗಲೋ ಮತ್ತೆ ಬರೋಕೆ ಶುರುವಾಯ್ತು" ಎಂದಳು. ನಾನು ಹೂಂ ಎಂದೆ. ಅವಳು ಚಿತ್ರದ ವಿಳಾಸ ತೆಗೆದು ನೋಡಿದಳು, ಫೋಲ್ಡರಿನ ಹೆಸರು ಹಿಡಿದಳು, ನಿಯಮದ ಕಡತದ ಕೊನೆಗೆ ಹೋಗಿ ಟೈಪ್ ಮಾಡಿದಳು. ಅದೇ ಸಾಲು. ನಾನು ಅಂದು ಬರೆದಿದ್ದ ಹಾಗೆಯೇ, ಯಾವ ಸೈಟೆಂದು ಹೇಳದೆ.

"ಸರೀನಾ ಅತ್ತಿಗೆ?"

ಸುಮ್ಮನಿದ್ದರೆ ನನ್ನ ಗುಟ್ಟು ಉಳಿಯುತ್ತಿತ್ತು, ಆ ಮನೆಗೆ ಮತ್ತೆ ಬಿಳಿ ಪುಟ ಬರುತ್ತಿತ್ತು. "ಅದು ಬೇಡ" ಎಂದೆ.

"ಯಾಕೆ?"

"ಸರ್ಕಾರದ ನೋಟಿಫಿಕೇಶನ್‌ಗಳೂ ಅದೇ ಹೆಸರಿನ ಫೋಲ್ಡರಲ್ಲಿ ಇರ್ತವೆ. ತೆರೆಯಲ್ಲ. ಬೆಳ್ಳಗೆ..." ಎಂದೆ. ಅದು ಅಂದು ಅವಳು ಹೇಳುತ್ತಿದ್ದ ಪದ.

ಅವಳ ಬೆರಳು ಕೀಲಿಯ ಮೇಲೇ ಇತ್ತು. ಹಾಲ್‌ನಿಂದ ಅತ್ತೆ ಕೂಗಿದರು: "ಲೇ ಶಿವಲೀಲಾ, ಓಲ್ಡ್ ಟೌನಿನವರು ಯಾರೋ ಹೋಗಿದಾರೆ ಕಣೇ, ಮುಖಾನೇ ಕಾಣ್ತಿಲ್ಲ, ಆ ನೆಕ್ಲೆಸ್ ತೆಗಿ ಬಾರೇ!"

"ಇರಮ್ಮ, ಬಂದೆ" ಎಂದಳು. ಒಂದೊಂದೇ ಅಕ್ಷರವಾಗಿ ಆ ಸಾಲನ್ನು ಅಳಿಸಿದಳು. ಎದ್ದುಹೋದಳು. ತಿರುಗಿ ಬಂದು, "ಟೀಗೆ ಸಕ್ಕರೆ ಹಾಕ್ಲಾ?" ಎಂದು ಕೇಳಿದಳು. ನಾನು ಸಕ್ಕರೆ ಬಿಟ್ಟು ಎಷ್ಟೋ ಕಾಲವಾಗಿದೆ. ಅದನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡವಳು ಅವಳು.

ಬೇರೇನೂ ಕೇಳಲಿಲ್ಲ. ನಾನೂ ಬಸ್ಸಿನ ಹೊತ್ತಾಯಿತೆಂದು ಹೊರಟೆ.

ಭದ್ರಾವತಿಯಿಂದ ನಾನು ಹೊರಟ ದಿನವೆಲ್ಲ, ಗೋಪಾಳದ ಮನೆಯ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಅವಳ ಫೋನ್ ಬರುತ್ತದೆ — "ತಲುಪಿದ್ರಾ ಅತ್ತಿಗೆ?" ಆ ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ನಮ್ಮನೆಯವರು, "ಯಾಕೆ, ನಿನ್ನ ನಾದಿನಿ ಫೋನೇ ಇಲ್ಲ?" ಎಂದರು. ಅವರಿಗೂ ಹೇಳಬೇಕಾಗಿದೆ. ಅವರು ರೇಗಿದ್ದೂ ಸುಳ್ಳಿನ ಮೇಲೆಯೇ.

ಇದನ್ನು ಬರೆಯುವಾಗ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಅದು ರಿಂಗಾಗುವುದಿಲ್ಲ. ನಾನೇ ಮಾಡಬೇಕು. ಅತ್ತೆಯ ಆರೋಗ್ಯ, ಹಪ್ಪಳ, ಮಳೆ ಎಂದು ಸುತ್ತಾಡದೆ, ಅವಳು ಹಲೋ ಎಂದ ಕೂಡಲೇ, ಉಸಿರು ತೆಗೆದುಕೊಳ್ಳುವ ಮೊದಲೇ ಹೇಳಬೇಕು. ಅವತ್ತು ಸರ್ವರ್ ಸರಿಯಾಗೇ ಇತ್ತು, ಶಿವಲೀಲಾ.