ಕೊಸರಿಗೆ ಹೋದ ಅಕ್ರೋಟ್

ನಮ್ಮಪ್ಪನದು ಒಂದೇ ಕಟ್ಟುನಿಟ್ಟು. ಮಾರುವ ಮಾಲು ಮನೆಗೆ ಬರಬಾರದು. ರಸೆಲ್ ಮಾರುಕಟ್ಟೆಯ ಎದುರಿನ ಸಾಲಿನಲ್ಲಿ ವರ್ಷವೆಲ್ಲ ನಿಂಬೆಹಣ್ಣು, ಮಾವಿನ ಸೊಪ್ಪು, ಬಾಳೆಎಲೆ ಮಾರುವ ಅಪ್ಪ ಡಿಸೆಂಬರ್ ಬಂದರೆ ಕ್ರಿಸ್‌ಮಸ್ ಸಾಮಾನು ಹಾಕುತ್ತಾನೆ. ಕಾಗದದ ನಕ್ಷತ್ರ, ಮರಕ್ಕೆ ತೂಗುಹಾಕುವ ಬಣ್ಣದ ಗುಂಡು, ಬಾಲಯೇಸುವಿನ ಗೋದಲಿಗೆ ಹಾಸುವ ಹುಲ್ಲು. ನಾವು ಕ್ರೈಸ್ತರಲ್ಲ. ಆದರೆ ಆ ಮೂರು ವಾರದ ವ್ಯಾಪಾರದಲ್ಲೇ ನನ್ನ ಸ್ಕೂಲು, ಕಾಲೇಜು ನಡೆದದ್ದು.

ಏಳನೇ ಕ್ಲಾಸಿನಿಂದ ನಾನೂ ಆ ಅಂಗಡಿಯಲ್ಲಿ ನಿಂತಿದ್ದೇನೆ. ಎಷ್ಟು ಗುಂಡುಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆನೋ ಲೆಕ್ಕವಿಲ್ಲ. ಸುಮ್ಮನೆ ಚೆಂದಕ್ಕೆ ಒಂದನ್ನು ಮನೆಯ ಮೊಳೆಗೆ ತೂಗುಹಾಕೋಣ ಅಂದರೆ ಅಪ್ಪ ಬಿಡುತ್ತಿರಲಿಲ್ಲ. ‘ಮಾಲಿನ ಮೇಲೆ ಆಸೆ ಇಟ್ಕೊಂಡ್ರೆ ವ್ಯಾಪಾರ ಆಗಲ್ಲ ಕಣಮ್ಮ.’

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕೊಳಚೆ ನೀರನ್ನು ಶುದ್ಧ ಮಾಡುವ ವಿಷಯದಲ್ಲಿ ಮುಂದೆ ಓದಲು ಸ್ಕಾಲರ್‌ಶಿಪ್ ಸಿಕ್ಕಿ ಜರ್ಮನಿಗೆ ಹೋದೆ. ಜೊತೆಯ ಹುಡುಗರು ಹೋದ ಹೋದ ಊರಿಂದ ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ ತರುತ್ತಿದ್ದರು. ನಾನು ಕ್ರಿಸ್‌ಮಸ್ ಮರಕ್ಕೆ ಕಟ್ಟುವ ಒಂದು ಗೊಂಬೆಯನ್ನೋ ಗುಂಡನ್ನೋ ತರುತ್ತಿದ್ದೆ. ಅಗ್ಗದ ಬಸ್ಸು ಹಿಡಿದು ಪ್ರಾಗ್‌ಗೆ ಹೋದಾಗ ಒಂದು ಗಾಜಿನ ಗಂಟೆ, ವಿಯೆನ್ನಾದಿಂದ ಕೆಂಪು ಟೋಪಿಯ ಮರದ ಕುದುರೆ, ಡ್ರೆಸ್ಡೆನ್‌ನಿಂದ ಹುಲ್ಲಿನಲ್ಲಿ ಹೆಣೆದ ನಕ್ಷತ್ರ. ಒಂದೊಂದು ಅಂಗಡಿಯ ಮುಂದೆಯೂ ಅರ್ಧ ಗಂಟೆ ನಿಲ್ಲುತ್ತಿದ್ದೆ. ಚಳಿಗೆ ಬೆರಳು ಮರಗಟ್ಟುತ್ತಿದ್ದವು, ಆದರೂ ಕೈಗೆತ್ತಿಕೊಂಡು, ಇಟ್ಟು, ಮತ್ತೊಂದನ್ನು ಎತ್ತಿಕೊಳ್ಳುವುದು. ನಮ್ಮ ಅಂಗಡಿಗೆ ಬರುವ ಗಿರಾಕಿಗಳು ಮಾಡುತ್ತಿದ್ದದ್ದೂ ಇದನ್ನೇ, ಆಗೆಲ್ಲ ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಎರಡು ವರ್ಷದಲ್ಲಿ ಏಳು ಸೇರಿದವು. ನನಗೆ ಅಂತ ನಾನು ಕೊಂಡ, ಯಾರಿಗೂ ಮಾರದ ಏಳು.

ಎಂಟನೆಯದು ಕೊಂಡದ್ದಲ್ಲ. ನಾನು ಅಲ್ಲಿ ಒಬ್ಬ ಮುದುಕಿಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಗಂಡ ಇಲ್ಲ, ಇದ್ದ ಒಬ್ಬ ಮಗ ಹತ್ತೊಂಬತ್ತಕ್ಕೇ ಬೈಕ್ ಅಪಘಾತದಲ್ಲಿ ಹೋಗಿಬಿಟ್ಟಿದ್ದ. ಆ ಮಗ ಏಳು ವರ್ಷದವನಿದ್ದಾಗ ಸ್ಕೂಲಿನಲ್ಲಿ ಮಾಡಿದ್ದ ಒಂದು ಅಕ್ರೋಟ್ ಆಕೆಯ ಮರದಲ್ಲಿ ಪ್ರತಿ ವರ್ಷ ಎಲ್ಲಕ್ಕಿಂತ ಮೇಲೆ ತೂಗುತ್ತಿತ್ತು. ಚಿಪ್ಪು ಬಿಡಿಸಿ, ತಿರುಳು ತೆಗೆದು, ಒಳಗೆ ಹತ್ತಿ ತುಂಬಿ, ಮತ್ತೆ ಅಂಟಿಸಿ, ಚಿನ್ನದ ಬಣ್ಣ ಬಳಿದದ್ದು. ನೆತ್ತಿಗೆ ಚುಚ್ಚಿದ ಬೆಂಕಿಕಡ್ಡಿಗೆ ದಾರ. ಬಣ್ಣವೆಲ್ಲ ಹೋಗಿ ಸಂದಿಗೊಂದಿಯಲ್ಲಿ ಮಾತ್ರ ಉಳಿದಿತ್ತು.

ಮೂರನೇ ವರ್ಷ ಆಕೆಗೆ ಸೊಂಟದ ಆಪರೇಷನ್. ಮನೆಯಲ್ಲಿ ಮರ ನಿಲ್ಲಿಸುವುದಿಲ್ಲ ಅಂದಳು. ನಾನು ಊರಿಗೆ ಹೊರಟಾಗ ಅಕ್ರೋಟನ್ನು ನನ್ನ ಅಂಗೈಯಲ್ಲಿಟ್ಟಳು. ‘ಇದು ಒಂದು ಕ್ರಿಸ್‌ಮಸ್‌ಗೂ ಡಬ್ಬಿಯಲ್ಲಿ ಬಿದ್ದಿಲ್ಲ. ನಿಮ್ಮೂರಲ್ಲಿ ಯಾವುದಾದರೂ ಮರಕ್ಕೆ ಕಟ್ಟು. ಜನವರಿಯಲ್ಲಿ ನನಗೆ ತಂದುಕೊಡು.’ ನಿಧಾನವಾಗಿ, ನನಗೆ ಅರ್ಥವಾಗಲಿ ಅಂತ ಎರಡು ಸಲ ಹೇಳಿದಳು. ತರುತ್ತೇನೆ ಅಂತ ನಾನೂ ಎರಡು ಸಲ ಹೇಳಿದೆ.

ಇಪ್ಪತ್ತಮೂರನೇ ತಾರೀಖು ಬೆಳಿಗ್ಗೆ ಶಿವಾಜಿನಗರದ ಮನೆಗೆ ಬಂದೆ. ಎರಡು ವಿಮಾನ, ನಿದ್ದೆಯಿಲ್ಲ. ಸೂಟ್‌ಕೇಸ್ ತೆಗೆದು ಅಮ್ಮನಿಗೆ ಚಾಕೊಲೇಟ್ ಕೊಟ್ಟೆ, ಎಂಟನ್ನೂ ಸುತ್ತಿಟ್ಟಿದ್ದ ಬಿಸ್ಕತ್ತಿನ ಡಬ್ಬಿಯನ್ನು ಕಪಾಟಿನ ಮೇಲಿಟ್ಟೆ. ಅಂಗಡಿಗೆ ಹೊರಟಿದ್ದ ಅಪ್ಪ ಕೇಳಿದ, ‘ಇದರಲ್ಲೇನಮ್ಮ?’

‘ಕ್ರಿಸ್‌ಮಸ್‌ದು’ ಅಂದೆ. ಅಷ್ಟೇ ಅಂದದ್ದು. ಮಲಗಿಬಿಟ್ಟೆ.

ಕಣ್ಣುಬಿಟ್ಟಾಗ ಇಪ್ಪತ್ತನಾಲ್ಕರ ಬೆಳಿಗ್ಗೆ. ಡಬ್ಬಿ ಕಪಾಟಿನ ಮೇಲೇ ಇತ್ತು, ಖಾಲಿ. ಅಪ್ಪ ತಿಂಡಿ ತಿನ್ನುತ್ತಿದ್ದ. ನನ್ನ ಮುಖ ನೋಡಿ ಖುಷಿಯಾಗಿ ಶುರುಮಾಡಿದ.

‘ಎಂಥಾ ಮಾಲು ತಂದಿದ್ದೆ ಕಣಮ್ಮ! ಒಂದೇ ಗಿರಾಕಿ, ಏಳಕ್ಕೆ ಏಳೂ ಎತ್ಕೊಂಡ್ರು. ಇಂದಿರಾನಗರದವ್ರು. ನನ್ನ ಮಗಳು ಜರ್ಮನಿಯಿಂದ ತಂದಿದ್ದು ಅಂದೆ ನೋಡು, ಚೌಕಾಸೀನೇ ಮಾಡ್ಲಿಲ್ಲ.’

ಖಾಲಿ ಡಬ್ಬಿಯನ್ನು ಕೆಳಗಿಳಿಸಿದೆ. ‘ಅಕ್ರೋಟ್?’

‘ಯಾವ ಅಕ್ರೋಟ್?’

‘ಚಿನ್ನದ ಬಣ್ಣದ್ದು, ಒಂದಿತ್ತಲ್ಲ.’

‘ಓ, ಅದಾ. ಬಣ್ಣ ಹೋಗ್ಬಿಟ್ಟಿತ್ತು, ಅದನ್ನ ಯಾರ್ ತಗೋತಾರೆ. ಅದೇ ಗಿರಾಕಿ ಅಮ್ಮಂಗೆ ಕೊಸರಿಗೆ ಹಾಕ್ದೆ.’

ಕೊಸರು. ನಿಂಬೆಹಣ್ಣು ಎಣಿಸಿ ಕೊಟ್ಟ ಮೇಲೆ ಗಿರಾಕಿ ಕೈ ಚಾಚುತ್ತಾರೆ, ಅಪ್ಪ ಇನ್ನೊಂದು ಸಣ್ಣದನ್ನು ಚೀಲಕ್ಕೆ ಎಸೆಯುತ್ತಾನೆ. ನೆತ್ತಿ ಬಾಡಿದ್ದು, ಒಂದು ಕಡೆ ಚುಕ್ಕೆ ಬಿದ್ದದ್ದು. ಆ ಮುದುಕಿಯ ಮಗ ಮಾಡಿದ್ದು ಹಾಗೆ ಹೋಗಿತ್ತು.

ಆಗ ನಾನು ಏನಂದೆ ಅನ್ನುವುದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಬರೆಯುತ್ತೇನೆ. ‘ಓದಿದ್ರೆ ಗೊತ್ತಾಗ್ತಿತ್ತು ನಿಂಗೆ. ಕಣ್ಣಿಗೆ ಬಿದ್ದಿದ್ದೆಲ್ಲಾ ಮಾಲೇ ನಿಂಗೆ.’

ಒಲೆಯ ಹತ್ತಿರ ಅಮ್ಮನ ಸೌಟು ನಿಂತಿತು. ಅಪ್ಪ ತಟ್ಟೆಯಲ್ಲೇ ಕೈ ತೊಳೆದ. ಅದು ಯಾರದು, ಯಾಕೆ ಬೇಕು ಎಂದು ಅಳುತ್ತಲೇ ಹೇಳಿದೆ. ಪೂರ್ತಿ ಕೇಳಿ, ಅಪ್ಪ ಶರ್ಟಿನ ಗುಂಡಿ ಹಾಕಿಕೊಂಡು ಗಾಡಿಯ ಕೀಲಿ ತೆಗೆದುಕೊಂಡ. ‘ಆ ಅಮ್ಮಂಗೆ ದೊಡ್ಡ ನಕ್ಷತ್ರ ಆಟೋದಲ್ಲಿ ಕಳ್ಸಿದ್ದೆ. ಅಡ್ರೆಸ್ ಐತೆ. ನಡಿ.’

ಇಪ್ಪತ್ತನಾಲ್ಕು ಅಂದರೆ ನಮ್ಮ ಅಂಗಡಿಗೆ ವರ್ಷದಲ್ಲೇ ದೊಡ್ಡ ದಿನ. ಅಂಗಡಿಗೆ ಟಾರ್ಪಾಲು ಹೊದಿಸಿ ಹೊರಟ ಅಪ್ಪನನ್ನು ಪಕ್ಕದ ಒಣಹಣ್ಣಿನ ಅಂಗಡಿಯ ಚಾಚಾ ತಡೆದರು.

‘ಅರೇ, ಚೌಬೀಸ್ ತಾರೀಖು ಅಂಗಡಿ ಮುಚ್ತಾರೇನೋ? ದಿಮಾಗ್ ಸರಿ ಐತಾ?’

‘ಮಗಳದ್ದು ಒಂದು ಅಕ್ರೋಟ್ ಕಳ್ದೋಗೈತೆ.’

ಚಾಚಾ ನನ್ನ ಕಡೆ ತಿರುಗಿದರು. ‘ಒಂದು ಅಕ್ರೋಟ್‌ಗಾ? ಬೇಟಿ, ಜರ್ಮನಿಗೆ ಹೋಗಿ ಇದನ್ನಾ ಓದ್ಕೊಂಡು ಬಂದಿದ್ದು? ಇಲ್ಲಿ ಮೂಟೆ ಐತೆ, ಬೇಕಾದಷ್ಟು ತಗೋ.’ ಅಪ್ಪ ಮೂಟೆಯಿಂದ ಒಂದನ್ನು ಆರಿಸಿ ಜೇಬಿಗೆ ಹಾಕಿಕೊಂಡ.

ಹಳೇ ಮೊಪೆಡ್ಡಿನಲ್ಲಿ ಹಲಸೂರು ದಾಟಿ ಇಂದಿರಾನಗರ ಸೇರಿದಾಗ ಹನ್ನೊಂದಾಗಿತ್ತು. ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಅಪ್ಪ ನಿಂತ. ‘ನೀನೇ ಹೋಗು. ಇಂಗ್ಲಿಷ್‌ನಲ್ಲಿ ಕೇಳು.’

ಆ ಮನೆಯ ಹೆಂಗಸು ಒಳ್ಳೆಯವರೇ. ಒಳಗೆ ಕರೆದು ನೀರು ಕೊಟ್ಟರು. ನನ್ನ ಏಳೂ ಅವರ ಮರದಲ್ಲಿದ್ದವು. ದೀಪಗಳ ನಡುವೆ ಪ್ರಾಗಿನ ಗಂಟೆ, ವಿಯೆನ್ನಾದ ಕುದುರೆ. ನಮ್ಮ ಮನೆಯ ಮೊಳೆಗಿಂತ ಅಲ್ಲೇ ಚೆಂದ ಕಾಣುತ್ತಿದ್ದವು, ಅದಕ್ಕೂ ನೋವಾಯಿತು. ಮರವನ್ನು ಬುಡದಿಂದ ತುದಿಯವರೆಗೆ ನೋಡಿದೆ. ಅಕ್ರೋಟ್ ಇರಲಿಲ್ಲ.

‘ಅಯ್ಯೋ, ಅದನ್ನ ನಮ್ಮ ಕೆಲಸದವಳಿಗೆ ಕೊಟ್ಬಿಟ್ಟೆ ಕಣ್ರೀ. ಬ್ಯಾಗ್ ಹಿಡ್ಕೊಳ್ಳೋಕೆ ಜೊತೇಲಿ ಬಂದಿದ್ಲು. ಅಕ್ಕಾ, ಇದು ನಿಮಗೆ ಬೇಡ್ವಾ ಅಂತ ಅವಳೇ ಕೇಳಿದ್ಲು.’

‘ಅವರ ಮನೆ ಎಲ್ಲಿ ಮೇಡಂ?’

‘ರಾಮಮೂರ್ತಿ ನಗರ. ಅಲ್ಲಿ... ಟಿನ್ ಫ್ಯಾಕ್ಟರಿ ಸ್ಟಾಪಿಂದ ಇನ್ನೊಂದು ಬಸ್ ಹಿಡೀತಾಳೆ. ಆರು ವರ್ಷದಿಂದ ಬರ್ತಾಳೆ, ಆದ್ರೆ ಮನೆ ಎಲ್ಲೀಂತ...’ ಅವರಿಗೇ ಮುಜುಗರವಾಯಿತು. ಫೋನ್ ಮಾಡಿದರು, ಸ್ವಿಚ್ ಆಫ್. ಹಬ್ಬಕ್ಕೆ ರಜೆ ಕೊಟ್ಟಿದ್ದರಂತೆ. ಆಕೆಯ ಫೋಟೋ ಒಂದನ್ನು ನನ್ನ ಮೊಬೈಲಿಗೆ ಕಳಿಸಿದರು. ಬೇಕಾದರೆ ಈ ಏಳನ್ನೂ ವಾಪಸ್ ತಗೊಳ್ಳಿ ಅಂದರು. ಬೇಡ ಅಂದೆ. ನನ್ನ ಅಪ್ಪ ಮಾರಿದ್ದನ್ನು ವಾಪಸ್ ಕೇಳಿದವನಲ್ಲ.

ಮಧ್ಯಾಹ್ನವಿಡೀ ರಾಮಮೂರ್ತಿ ನಗರದಲ್ಲಿ ಸುತ್ತಿದೆವು. ದಿನಸಿ ಅಂಗಡಿ, ನೀರಿನ ಕ್ಯಾನಿನವರು, ಬಾಡಿಗೆ ಮನೆಗಳ ಸಾಲು ಸಾಲು. ಮೊಬೈಲ್ ಹಿಡಿದು ‘ಇವ್ರು ಗೊತ್ತಾ?’ ಅಂತ ಕೇಳುವುದು. ಒಬ್ಬಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಏನ್ ಕದ್ದವ್ಳೆ?’ ಅಂದಳು. ಏನೂ ಇಲ್ಲ, ಏನೂ ಇಲ್ಲ ಅಂತ ಅಲ್ಲಿಂದ ಓಡಿದೆ.

ಸಂಜೆ ಟೀ ಅಂಗಡಿಯ ಮುಂದೆ ಅಪ್ಪ ಜೇಬಿನಿಂದ ಚಾಚಾನ ಅಕ್ರೋಟ್ ತೆಗೆದ. ‘ನೋಡು, ಇದಕ್ಕೆ ಚಿನ್ನದ ಬಣ್ಣ ಹೊಡೀತೀನಿ. ಆಮೇಲೆ ಸ್ವಲ್ಪ ಉಜ್ಜಿ ಹಳೇದು ಮಾಡಿದ್ರೆ ಆಯ್ತು. ಆ ಅಜ್ಜಿಗೆ ಹೆಂಗ್ ಗೊತ್ತಾಗುತ್ತೆ?’

ಥೂ ಅಂತ ತಕ್ಷಣ ನಾನು ಅನ್ನಲಿಲ್ಲ. ಬಣ್ಣ ಎಲ್ಲೆಲ್ಲಿ ಉಳಿದಿತ್ತು ಅಂತ ನೆನಪು ಮಾಡಿಕೊಳ್ಳಲು ಶುರುಮಾಡಿದ್ದೆ. ದಾರ ಬಿಳಿಯದೋ ಹಸಿರೋ? ಬೆಂಕಿಕಡ್ಡಿಯ ತಲೆ ಯಾವ ಕಡೆಗಿತ್ತು? ಆಮೇಲೆ ಗೊತ್ತಾಯಿತು, ನನಗೆ ನೆನಪಿಲ್ಲ. ಎರಡು ವರ್ಷ ನೋಡಿದರೂ ಸರಿಯಾಗಿ ನೋಡಿರಲಿಲ್ಲ. ಆಕೆ ನಲವತ್ತಕ್ಕೂ ಹೆಚ್ಚು ವರ್ಷ ನೋಡಿದ್ದಾಳೆ.

‘ಬೇಡಪ್ಪ’ ಅಂದೆ. ಅಪ್ಪ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಮಾರನೇ ದಿನ ಬೆಳಿಗ್ಗೆ ಇಂದಿರಾನಗರದವರು ಫೋನ್ ಮಾಡಿದರು. ಕೆಲಸದಾಕೆ ಸಿಕ್ಕಿದ್ದಳು, ಮನೆಯ ಗುರುತು ಹೇಳಿದ್ದಳು. ನಾವು ನಿನ್ನೆ ಎರಡು ಸಲ ದಾಟಿ ಹೋಗಿದ್ದ ಬೀದಿಯೇ.

ಒಂದೇ ಕೋಣೆಯ ಮನೆ. ಆಕೆ ಹೊಸ ಸೀರೆಯಲ್ಲಿದ್ದಳು, ಬಾಗಿಲಲ್ಲಿ ನನ್ನನ್ನು ನೋಡಿದ ಕೂಡಲೇ ಶುರುಮಾಡಿದಳು. ‘ನಾನ್ ಎತ್ಕೊಂಡಿಲ್ಲ ಮೇಡಂ, ಸತ್ಯಮಾ. ಅಕ್ಕನೇ ಕೊಟ್ರು. ಬೇಕಾದ್ರೆ ಕೇಳಿ.’

ಫೋನಿನಲ್ಲಿ ಆಕೆಗೆ ಏನು ಹೇಳಿದ್ದರೋ, ಏನು ಕೇಳಿಸಿತ್ತೋ. ಇಲ್ಲಮ್ಮ, ಹಾಗಲ್ಲ ಅಂತ ಎಷ್ಟು ಹೇಳಿದರೂ ಆಕೆ ‘ಅಕ್ಕನೇ ಕೊಟ್ರು’ ಅನ್ನುವುದನ್ನು ನಿಲ್ಲಿಸಲಿಲ್ಲ. ಹಬ್ಬದ ದಿನ ಒಬ್ಬಳ ಮನೆಗೆ ಕಳ್ಳತನದ ಹೆದರಿಕೆ ಹೊತ್ತುಕೊಂಡು ಹೋಗಿದ್ದೆ.

ಮೂಲೆಯಲ್ಲಿ, ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಯ ಮೇಲೆ ಗೋದಲಿ. ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿಯ ಹಸಿರು, ಎರಡು ಪ್ಲಾಸ್ಟಿಕ್ ಕುರಿ, ಮರಿಯಮ್ಮನವರು, ಜೋಸೆಫ್. ನಡುವೆ, ಬೆರಳಿನ ಉಗುರಿನಷ್ಟು ಬಾಲಯೇಸು ಮಲಗಿದ್ದದ್ದು ನನ್ನ ಅಕ್ರೋಟಿನ ಅರ್ಧ ಚಿಪ್ಪಿನಲ್ಲಿ. ಒಳಗಿನ ಹತ್ತಿ ಹಾಸಿಗೆಯಾಗಿತ್ತು. ಇನ್ನರ್ಧ ಕುರಿಗಳಿಗೆ ನೀರಿನ ತೊಟ್ಟಿ.

‘ಹಳೇ ತೊಟ್ಲು ಮುರ್ದೋಗಿತ್ತು ಮೇಡಂ. ಇದು ಚಾಕು ಇಟ್ಟ ತಕ್ಷಣ ತಾನೇ ಬಿಟ್ಕೊಂತು. ಒಂದ್ ಕಡೆ ಮಾತ್ರ ಸ್ವಲ್ಪ ಚೂರು ಹೋಯ್ತು.’

ನಾನು ಗೋದಲಿಯ ಮುಂದೆ ಕೂತುಬಿಟ್ಟೆ. ಬೇಕು ಅಂತ ಹೇಗೆ ಕೇಳುವುದು? ಬೇಡ ಅಂತ ಹೇಗೆ ಎದ್ದು ಹೋಗುವುದು? ಮುದುಕಿಯ ವಿಷಯ, ಅವಳ ಮಗನ ವಿಷಯ ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಜನವರೀಲಿ ಮೂರು ರಾಜರ ಹಬ್ಬ ಆಗೋವರ್ಗೂ ಮಗು ಎತ್ತಬಾರ್ದು ಅಂತಾರೆ’ ಅಂದಳು. ಹಾಗೆನ್ನುತ್ತಲೇ ಶಿಲುಬೆಯ ಗುರುತು ಹಾಕಿಕೊಂಡು, ಎರಡು ಬೆರಳಲ್ಲಿ ಮಗುವನ್ನೆತ್ತಿ ಬರೀ ರಾಗಿಯ ಮೇಲಿಟ್ಟಳು. ಎರಡು ಚಿಪ್ಪನ್ನೂ ನನ್ನ ಕೈಗೆ ಕೊಟ್ಟಳು.

ಬಾಗಿಲಲ್ಲಿ ನಿಂತಿದ್ದ ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಜೇಬಿನಿಂದ ಚಾಚಾನ ಅಕ್ರೋಟ್ ತೆಗೆದು, ಬಾಳೆಎಲೆ ಕೊಯ್ಯುವ ಚಾಕುವಿನ ತುದಿಯನ್ನು ಸಂದಿಗಿಟ್ಟು ತಿರುಗಿಸಿದ. ತಿರುಳನ್ನು ಆಕೆಯ ಕೈಗೆ ಹಾಕಿ, ಒಂದು ಚಿಪ್ಪನ್ನು ರಾಗಿಯ ಮಧ್ಯೆ ಒತ್ತಿ ಕೂರಿಸಿದ.

‘ಇದು ಅದಕ್ಕಿಂತ ಅಗಲ ಐತೆ ಕಣಮ್ಮ. ಮಗು ಕಾಲು ಚಾಚ್ಕೊಂಡು ಮಲಗ್ಲಿ.’

ಆಕೆಗೆ ಅಳುವಿನಲ್ಲೇ ನಗು ಬಂತು. ‘ಚಳಿ ಆಗಲ್ವಾ ಅಣ್ಣ, ಹತ್ತಿ ಇಲ್ದೆ?’ ಅಂತ ದೀಪದ ಬತ್ತಿಗಿಟ್ಟಿದ್ದ ಹತ್ತಿ ಹುಡುಕಲು ಎದ್ದಳು.

ವಾಪಸ್ ಬರುವಾಗ ಗಾಡಿಯ ಹಿಂದೆ ಕೂತು, ಹಿಂದಿನ ದಿನ ಅಂದ ಮಾತಿಗೆ ಕ್ಷಮೆ ಕೇಳಬೇಕೆಂದುಕೊಂಡೆ. ಹಲಸೂರಿನವರೆಗೂ ಅಂದುಕೊಂಡೆ. ಮನೆ ಬಂದೇಬಿಟ್ಟಿತು. ಎರಡು ಚಿಪ್ಪನ್ನೂ ಅಪ್ಪನೇ ಅಂಟಿಸಿ, ದಾರ ಸುತ್ತಿ ಒಣಗಲು ಇಟ್ಟ. ಜನವರಿಯವರೆಗೆ ಅದು ನಮ್ಮ ಮನೆಯ ಮೊಳೆಯಲ್ಲಿ ತೂಗಿತು. ಮರ ಅಂತ ನಮ್ಮ ಬಳಿ ಇದ್ದದ್ದು ಆ ಮೊಳೆಯೇ.

ಜರ್ಮನಿಗೆ ಮರಳಿ, ಅಕ್ರೋಟನ್ನು ಕೈಗಿಟ್ಟು, ಮುದುಕಿಗೆ ಒಂದೂ ಮುಚ್ಚದೆ ಹೇಳಿದೆ. ಕೊಸರು ಅನ್ನುವುದಕ್ಕೆ ಅವರ ಭಾಷೆಯಲ್ಲಿ ಮಾತು ಸಿಗದೆ, ಎಣಿಸಿ ಕೊಟ್ಟ ಮೇಲೆ ಇನ್ನೊಂದು ಹಾಕುವುದು ಅಂತ ಕೈಸನ್ನೆಯಲ್ಲಿ ತೋರಿಸಿದೆ. ಆಕೆ ಉಗುರಿನಿಂದ ಅಂಟಿನ ಗೆರೆಯನ್ನು ಸುತ್ತಲೂ ಮುಟ್ಟಿ ನೋಡಿದಳು, ಚೂರು ಹೋದ ಜಾಗದಲ್ಲಿ ಉಗುರು ನಿಂತಿತು. ತಂದಿದ್ದಕ್ಕೆ ಥ್ಯಾಂಕ್ಸ್ ಅಂದಳು. ಬೈಯಲಿಲ್ಲ.

ಮುಂದಿನ ಡಿಸೆಂಬರ್‌ನಲ್ಲಿ ಆಕೆ ಮತ್ತೆ ಮರ ನಿಲ್ಲಿಸಿದಳು. ಕುರ್ಚಿ ಹತ್ತಲಾಗದೆ ನನ್ನನ್ನು ಕರೆದಳು. ಗುಂಡುಗಳನ್ನು ಒಂದೊಂದಾಗಿ ಕೊಟ್ಟಳು, ನಾನು ಕಟ್ಟಿದೆ. ಕೊನೆಗೆ ಅಕ್ರೋಟ್ ಉಳಿಯಿತು. ಎಂದಿನಂತೆ ಎಲ್ಲಕ್ಕಿಂತ ಮೇಲೆ ಕಟ್ಟೋಣವೆಂದು ಕೈ ಚಾಚಿದೆ. ಆಕೆ ಕೊಡಲಿಲ್ಲ. ಕೋಲು ಊರಿಕೊಂಡು ಮರದ ಹತ್ತಿರ ಬಂದು, ತನ್ನ ಕೈಗೆಟುಕಿದ ಕೆಳಗಿನ ಕೊಂಬೆಗೆ ತಾನೇ ಕಟ್ಟಿದಳು.

ಅಪ್ಪ ಫೋನಿನಲ್ಲಿ ಈಗಲೂ ಕೇಳುತ್ತಾನೆ. ‘ಆ ಅಜ್ಜಿ ಆಮೇಲೆ ಏನಾದ್ರೂ ಅಂದ್ರಾ?’

‘ಏನೂ ಇಲ್ಲಪ್ಪ’ ಅನ್ನುತ್ತೇನೆ. ‘ಅಂಟಿಸಿದ್ದು ಗೊತ್ತೇ ಆಗಲ್ಲ, ಎಷ್ಟು ಚೆನ್ನಾಗಿ ಅಂಟಿಸವ್ರೆ ನಿಮ್ಮಪ್ಪ ಅಂದ್ರು.’