ಗಾಡಿ ಶುಚಿಯಾಗಿಲ್ಲ ಎಂದು ಬರೆದವಳು

ಕೊಪ್ಪಳದ ನಮ್ಮ ಕಚೇರಿಗೆ ಒಂದು ವರ್ಷದ ಗುತ್ತಿಗೆಯ ಮೇಲೆ ಕಾರು ಹಚ್ಚಿದವನು ಬೇವೂರಿನವನು. ಕಾರಿನ ಮಾಲೀಕನೂ ಅವನೇ, ಡ್ರೈವರನೂ ಅವನೇ. ನನ್ನನ್ನು ಅಕ್ಕಾರ ಎನ್ನುತ್ತಿದ್ದ. ನಾನು ಅಲ್ಲಿ ಗುಮಾಸ್ತೆ. ಕರಾರುಪತ್ರ ಟೈಪ್ ಮಾಡಿದ್ದು ನಾನೇ, ಅದೂ ಯಾವುದೋ ಹಳೆಯ ಮಾದರಿ ನೋಡಿಕೊಂಡು ಇಂಗ್ಲಿಷಿನಲ್ಲಿ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ನೀವು ಮಾಡೀರಿ ಅಂದ್ರ ಬರೋಬ್ಬರಿ ಇರ್ತೈತಿ ಬಿಡ್ರಿ" ಎಂದು ತೋರಿಸಿದ ಕಡೆಯೆಲ್ಲ ಸಹಿ ಹಾಕಿದ.

ಐದನೇ ತಿಂಗಳಿಗೆ ಸಾಹೇಬರು ಬದಲಾದರು. ಹೊಸಬರಿಗೆ ತಮ್ಮ ಷಡ್ಡಕನ ಕಾರನ್ನು ಕಚೇರಿಗೆ ಹಚ್ಚಬೇಕಾಗಿತ್ತು.

"ಈಗಿನ ಗಾಡಿ ಇವತ್ತ ಬಿಡಿಸ್ರಿ. ಕಾರಣ ಏನರ ಬರೀರಿ," ಎಂದರು.

ಅವಧಿಗೆ ಮೊದಲು ಬಿಡಿಸುವುದಾದರೆ ಒಂದು ತಿಂಗಳು ಮುಂಚೆ ನೋಟಿಸು ಕೊಡಬೇಕು, ಮಾಲೀಕನ ಮಾತನ್ನೂ ಕೇಳಬೇಕು ಎಂಬ ಕಲಮು ಕರಾರಿನಲ್ಲಿತ್ತು. ನನಗೆ ಅದು ಬಾಯಿಪಾಠ. ಆದರೂ ಬಾಯಿ ಬಿಡಲಿಲ್ಲ. ಗಂಗಾವತಿಗೆ ವರ್ಗಾವಣೆ ಕೇಳಿ ಬರೆದ ನನ್ನ ಅರ್ಜಿ ಅದೇ ಸಾಹೇಬರ ಮೇಜಿನ ಮೇಲಿತ್ತು.

ಕಾರಣವನ್ನು ಅವರೇ ಹೇಳಿದ್ದರೆ ಪಾಪ ಅವರದಾಗುತ್ತಿತ್ತು. ಶ್ಯಾಣ್ಯಾಕಿ ನಾನು, ತಲೆ ಓಡಿಸಿ 'ವಾಹನವನ್ನು ಶುಚಿಯಾಗಿ ಇಟ್ಟುಕೊಂಡಿಲ್ಲದ ಕಾರಣ' ಎಂದು ಬರೆದೆ. ವಾಕ್ಯ ಚೆನ್ನಾಗಿ ಕೂತಿತೆಂದು ಒಳಗೊಳಗೇ ಹಿಗ್ಗಿದೆ ಕೂಡ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಪತ್ರ ಕನ್ನಡದಲ್ಲಿತ್ತು, ಅವನೇ ಓದಿಕೊಂಡ. ಜಗಳ ತೆಗೆಯಲಿಲ್ಲ. ಕಾರಿನಲ್ಲಿಟ್ಟಿದ್ದ ಕರಾರಿನ ಜೆರಾಕ್ಸ್ ತಂದು ನನ್ನ ಮುಂದೆ ಹಿಡಿದ.

"ಅಕ್ಕಾರ, ಇದರಾಗ ನಮ್ಮ ಕಡೆ ಏನರ ಬರದೈತೇನ್ರಿ?"

ಹಾಳೆ ತಿರುವಿದೆ. ಎರಡನೇ ಪುಟಕ್ಕೆ ಬಂದಾಗ ಆ ಕಲಮು ಕಣ್ಣೆದುರಿಗೇ ಇತ್ತು.

"ಏನೂ ಇಲ್ಲಪಾ," ಎಂದೆ.

ನಂಬಿದ. ನಾನು ಸುಳ್ಳು ಹೇಳಬಹುದು ಎಂಬುದು ಅವನ ತಲೆಗೇ ಬರಲಿಲ್ಲ.

"ಹಂಗಾರ ಹೊಲಸು ಎಲ್ಲಿ ಕಂಡೈತಿ, ಅಷ್ಟರ ಹೇಳ್ರಿ. ತೊಳಕೊಂಡು ಬರ್ತೀನಿ."

ಕಡತದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ. ಹಿಂದಿನ ಹುಣ್ಣಿಮೆಗೆ, ರಜೆಯ ದಿನ, ನನ್ನ ಅವ್ವನನ್ನು ಹುಲಿಗಿಯ ದೇವಿಯ ಗುಡಿಗೆ ಕರೆದೊಯ್ದವನು ಇವನೇ. ಮುದುಕಿಗೆ ಬಿಸಿ ತಾಗಬಾರದೆಂದು ಸೀಟಿನ ಮೇಲೆ ಒಗೆದ ಚಾದರ ಹಾಸಿದ್ದ. ಅದು ನೆನಪಾಗಿ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮರುದಿನ ಸಾಹೇಬರು ಷಡ್ಡಕನ ಕಾರಿನಲ್ಲಿ ಕುಷ್ಟಗಿಗೆ ಹೋದ ಮೇಲೆ ಇವನು ಬಂದ. ಕಚೇರಿಯ ಅಂಗಳದಲ್ಲಿ ಕಾರು ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದಿಟ್ಟು ನನ್ನನ್ನು ಕರೆದ. ಟೈರಿನ ಸಂದಿಯ ಮಣ್ಣನ್ನೂ ಕೆದಕಿ ತೆಗೆದಿದ್ದ. ಕಾಲಡಿಯ ಮ್ಯಾಟು ಎತ್ತಿ ತೋರಿಸಿದ.

"ಕೈ ಹಚ್ಚಿ ನೋಡ್ರಿ ಅಕ್ಕಾರ."

ಹಚ್ಚಿದೆ. ಬೆರಳಿಗೆ ಏನೂ ಹತ್ತಲಿಲ್ಲ. ಎರಡನೇ ಪುಟ ತೆಗಿ ಎಂದು ಆಗಲಾದರೂ ಹೇಳಬಹುದಿತ್ತು.

"ಸ್ವಚ್ಛ ಐತಿ," ಎಂದೆ.

ಅವನ ಮುಖ ಅರಳಿತು. "ಹಂಗಾರ ನಾಳಿಂದ ಬರ್ಲೇನ್ರಿ?"

ಸಾಹೇಬರನ್ನು ಕೇಳಿ ಹೇಳುತ್ತೇನೆ ಎಂದು ಒಳಗೆ ನಡೆದುಬಿಟ್ಟೆ. ನಾನು ಕೇಳಲಿಲ್ಲ. ಆಮೇಲೆ ಮೂರು ದಿನ ಅವನು ಕಾರು ತೊಳೆದುಕೊಂಡು ಬಂದ.