ಪರದೆಯೊಳಗಿನ ನೆಂಟರು

ನರಸಿಂಹರಾಜಪುರದಿಂದ ಬೆಳಿಗ್ಗೆ ಏಳಕ್ಕೆ ಹೊರಟೆ. ಏಳೂವರೆಯೂ ಇರಬಹುದು, ಟಿಕೆಟಿನ ಶಾಯಿ ಅಳಿಸಿದೆ. ಮಂಜಿನಲ್ಲಿ ಬಸ್ಸು ಮುಂದೆ ಹೋಗುತ್ತಿದೆಯೋ, ಮರಗಳೇ ಹಿಂದಕ್ಕೆ ನಡೆಯುತ್ತಿವೆಯೋ ಗೊತ್ತಾಗುತ್ತಿರಲಿಲ್ಲ. ಚೀಲದಲ್ಲಿ ಶಿಕ್ಷಣ ಟ್ರಸ್ಟೊಂದು ಕೊಟ್ಟ ಪ್ರಶ್ನಾವಳಿ ಇತ್ತು: ಪ್ರಾಥಮಿಕ ಶಾಲೆಯ ಮಕ್ಕಳಿಗೆ ಜಪಾನಿನಂಥ ಹೊರದೇಶದ ಶಾಲೆಗಳ ಒಡನಾಟ ಬೇಕೆ? ಮುಖ್ಯ ಶಿಕ್ಷಕರ ಅಭಿಪ್ರಾಯ ಬರೆದು ತರಬೇಕು.

ಹಿಂದಿನ ದಿನ ಅಲ್ಲಿನ ಖಾಸಗಿ ಶಾಲೆಯ ಮುಖ್ಯಸ್ಥರು ಹೊಸ ಬೋರ್ಡು ತೋರಿಸಿದ್ದರು. "ಇಂಟರ್‌ನ್ಯಾಷನಲ್ ಅಂತ ಬರೆಸಿದ್ಮೇಲೆ ಅಡ್ಮಿಷನ್ ಜಾಸ್ತಿ ಆಯ್ತು ಸಾರ್."

ಕೊಪ್ಪದಲ್ಲಿ ಇಳಿದು ಬಿಸಿ ಕಡುಬು ತಿಂದೆ. ಸರ್ಕಾರಿ ಶಾಲೆಯ ಹೆಡ್ ಮಾಸ್ಟರು ನಕ್ಕರು: "ಜಪಾನು ಆಮೇಲೆ ಮಾರಾಯ್ರೇ. ನಮ್ಮ ಮಕ್ಕಳು ಇಲ್ಲೇ ಪಕ್ಕದ ಬಸರೀಕಟ್ಟೆ ಮಕ್ಕಳನ್ನೇ ನೋಡಿಲ್ಲ."

ಶೃಂಗೇರಿಯವರೆಗೆ ಒಂದು ಗಂಟೆ ನಿದ್ದೆ. ಕನಸಿನಲ್ಲಿ ಕಂಡಕ್ಟರು ಯಾವುದೋ ದೇಶಗಳ ಹೆಸರು ಕೂಗಿ ಜನರನ್ನು ಇಳಿಸುತ್ತಿದ್ದ. ಕನಸೋ, ಆಮೇಲೆ ನಾನು ಸೇರಿಸಿದ್ದೋ, ಈಗ ಹೇಳಲಾರೆ.

ಮರುದಿನ ಬೇಗಾರಿನ ಬಸ್ಸು ಹಿಡಿದು, ಇಳಿದು, ಎರಡು ಕಿಲೋಮೀಟರ್ ನಡೆದೆ. ಚಿಕ್ಕ ಶಾಲೆ, ಹತ್ತೇ ಮಕ್ಕಳು. ಇನ್ನೊಂದು ಮಗು ಹೋದರೆ ಶಾಲೆ ಮುಚ್ಚುತ್ತದೆಂಬ ಹೆದರಿಕೆ ಮುಖ್ಯ ಶಿಕ್ಷಕಿ ನಾಗರತ್ನ ಟೀಚರಿಗೆ. ದಿನಸಿ ಅಂಗಡಿಯ ರಫೀಕ್ ಸಾಹೇಬರು ಟಿ.ಸಿ. ಅರ್ಜಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಮೂರನೇ ತರಗತಿಯ ಮಗಳು ಶಮೀಮಳನ್ನು ಪೇಟೆಯ ಶಾಲೆಗೆ ಸೇರಿಸುವ ಯೋಚನೆ ಅವರದು.

"ಇವತ್ತು ಜಪಾನಿನ ಮಕ್ಕಳು ಮಾತಾಡ್ತಾರೆ. ಅದನ್ನ ನೋಡ್ಕೊಂಡು ಹೋಗಿ, ಸಾಹೇಬ್ರೇ," ಎಂದರು ಟೀಚರ್.

ಪ್ರಯೋಗಕ್ಕೆಂದು ಈ ಭೇಟಿ ಏರ್ಪಡಿಸಿದ್ದ ಟ್ರಸ್ಟಿನ ಸೂಚನೆಯಂತೆ ಮೊದಲು ಪರಿಚಯ, ಆಮೇಲೆ ಹಾಡು. ಒಟ್ಟು ಇಪ್ಪತ್ತು ನಿಮಿಷ. ಲ್ಯಾಪ್‌ಟಾಪಿನಲ್ಲಿ ಮುಖಗಳು ಮೂಡಿದವು. ನಮ್ಮ ಮಕ್ಕಳು ಹಾಡಲಿಲ್ಲ. ಒಳಗೋಡಿ ಲೋಟಗಳಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದು ಪರದೆಯ ಮುಂದಿಟ್ಟು ಕಾದರು. ನಾನು ಗಡಿಯಾರ ನೋಡಿದೆ.

"ಟೀಚರ್, ಅವ್ರಿನ್ನೂ ಕುಡಿಲಿಲ್ಲ," ಎಂದಳು ಶಮೀಮ. "ಬಂದವ್ರು ಕುಡೀದೆ ಹೆಂಗೆ ಮಾತಾಡ್ಸದು?"

"ಇದೇನಾ ಟೀಚರ್ ಇಂಟರ್‌ನ್ಯಾಷನಲ್ಲು?" ರಫೀಕ್ ಸಾಹೇಬರು ನಕ್ಕರು. "ಬೆಲ್ಲ ನಮ್ಮಂಗಡೀಲೇ ಉಂಟಲ್ಲ!"

ಟೀಚರ್ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಆಚೆಯ ಶಿಕ್ಷಕಿಗೆ ವಿವರಿಸಿದರು. ಅಲ್ಲಿನ ಮಕ್ಕಳು ಎದ್ದು ಮಾಯವಾದರು. ಖಾಲಿ ಕುರ್ಚಿಗಳ ಹಿಂದಿನ ಕಿಟಕಿಯಲ್ಲಿ ಹಿಮ ಬೀಳುತ್ತಿತ್ತು. ಆಮೇಲೆ ಒಬ್ಬೊಬ್ಬರೇ ನೀರಿನ ಬಾಟಲಿ ತಂದು, ತಲೆಬಾಗಿ, ಕುಡಿದರು. ನಮ್ಮವರೂ ಕುಡಿದರು. ಎಷ್ಟು ಹೊತ್ತು? ನೆನಪಿನಲ್ಲಿ ಒಂದು ಮಧ್ಯಾಹ್ನವಿಡೀ. ನೋಟ್‌ಬುಕ್ಕಿನಲ್ಲಿ ಎರಡು ನಿಮಿಷ.

ಶಮೀಮ ಅಪ್ಪನಿಗೂ ನೀರು, ಬೆಲ್ಲ ತಂದಳು. ಅವರ ಒಂದು ಕೈಗೆ ಲೋಟ ಬಂತು, ಇನ್ನೊಂದಕ್ಕೆ ಬೆಲ್ಲ. ಅರ್ಜಿ ಮೇಲ್ಜೇಬಿಗೆ ಹೋಯಿತು.

ಕೊನೆಗೆ ಆಚೆಯ ಶಿಕ್ಷಕಿ ಏನೋ ಕೇಳಿದರು. ಟೀಚರ್ ರಫೀಕ್ ಸಾಹೇಬರತ್ತ ತಿರುಗಿದರು: "ಮುಂದಿನ ತಿಂಗಳೂ ಇದೇ ಮಕ್ಕಳು ಇರ್ತಾರಾ ಅಂತಾರೆ. ಎಂತ ಹೇಳ್ಲಿ?"

ಸಾಹೇಬರ ಬಾಯಲ್ಲಿ ಬೆಲ್ಲವಿತ್ತು. ಕರಗುವವರೆಗೆ ಎಲ್ಲರೂ ಕಾದೆವು.

"ನೆಂಟರು ಬರ್ತೀವಿ ಅಂದ್ರೆ ಬೇಡ ಅನ್ನಕ್ಕಾಗ್ತದಾ? ಇರ್ತಾಳೆ ಅನ್ನಿ. ಈ ವರ್ಷ ಮುಗೀಲಿ."

ನಾಗರತ್ನ ಟೀಚರರ ಅಭಿಪ್ರಾಯ ಬರೆದುಕೊಳ್ಳಲು ಮರೆತಿದ್ದೆನೆಂದು ಹೊಳೆದದ್ದು ಹೊರಟು ರಸ್ತೆಯ ತಿರುವಿಗೆ ಬಂದಾಗ. ಹಿಂದಿರುಗಿ ನೋಡಿದೆ. ಅಂಗಳದ ನಲ್ಲಿಯ ಕೆಳಗೆ ರಫೀಕ್ ಸಾಹೇಬರು ಬಗ್ಗಿ ಲೋಟ ತೊಳೆಯುತ್ತಿದ್ದರು. ಜೇಬಿನಿಂದ ಇಣುಕಿದ ಅರ್ಜಿ ನೆನೆಯುತ್ತಿತ್ತು.